ಹೊನ್ನಾವರದ ಮುತ್ತಿಗೆ ಊಟದ ಮೇಜಿನ ಮೇಲೆ: ಯಾವ ರೂಲ್ಸ್, ಎಷ್ಟು ಅಕ್ಕಿ?

ಕಾಳಿ_ದಡ · ಕೋಡಿಬಾಗ, ಕಾರವಾರ · ಜುಲೈ 14

ಎಲ್ಲರಿಗೂ ನಮಸ್ಕಾರ. ಒಂದು ಗೋಳು, ಒಂದು ಪ್ರಶ್ನೆ.

ಗೋಳು ಮೊದಲು. ಭಾನುವಾರ ಮಧ್ಯಾಹ್ನ ಮಳೆ ಒಂದು ತಾಸು ಹೊಳವಾಯಿತು. ಸಿಕ್ಕಿದ್ದೇ ಚಾನ್ಸು ಅಂತ ಟೆರೇಸಿಗೆ ಹೋಗಿ 24 ಗೊಂಬೆ ಸಿಪಾಯಿಗಳಿಗೆ ಬಿಳಿ ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಕೋಟ್) ಸ್ಪ್ರೇ ಹೊಡೆದೆ. ಒಣಗಿದ ಮೇಲೆ ನೋಡಿದರೆ ಎಲ್ಲರ ಮೈಮೇಲೂ ರವೆ ಉದುರಿಸಿದ ಹಾಗೆ ತರಿ ತರಿ. ಮೂಗು ಯಾವುದು, ಮೀಸೆ ಯಾವುದು ಗೊತ್ತಾಗುವುದಿಲ್ಲ. ಆಳಿನ ಎತ್ತರವೇ 28 ಮಿಲಿಮೀಟರ್. ಅವನ ಮೂಗು ಎಷ್ಟಿರಬಹುದು ನೀವೇ ಲೆಕ್ಕ ಹಾಕಿ.

ಇನ್ನು ಪ್ರಶ್ನೆ. ಮೇಜಿನ ಮೇಲೆ ಗೊಂಬೆ ಇಟ್ಟು ದಾಳ ಹಾಕಿ ಆಡುವ ಯುದ್ಧದಾಟಕ್ಕೆ, ಎರಡನೇ ಮೈಸೂರು ಯುದ್ಧದ (1780–84) ಸೈನ್ಯ ನನ್ನ ಹತ್ತಿರ ಸುಮಾರಾಗಿ ತಯಾರಾಗಿದೆ. ಈಸ್ಟ್ ಇಂಡಿಯಾ ಕಂಪನಿ ಕಡೆ 60 ಜನ, ಮೈಸೂರು ಕಡೆ 72 ಜನ, ಎರಡು ತೋಪು, ಆರು ರಾಕೆಟ್‌ನವರು. ಈ ಯುದ್ಧ ಅಂದರೆ ಎಲ್ಲರೂ ಪೊಳ್ಳಿಲೂರಿನ ಕಾಳಗವನ್ನೇ ಆಡುತ್ತಾರೆ. ನನಗೆ ನಮ್ಮ ಜಿಲ್ಲೆಯದು ಆಡಬೇಕು. ಹೈದರ್ ಅಲಿ ತೀರಿಕೊಂಡದ್ದು 1782ರ ಡಿಸೆಂಬರ್ 7ಕ್ಕೆ. ಅದೇ ಹೊತ್ತಿಗೆ ಕಂಪನಿಯ ಮುಂಬೈ ಪಡೆ ಜೊತೆ ನಮ್ಮ ಕರಾವಳಿಗೆ ಇಳಿದಿದ್ದ ಜನರಲ್ ಮ್ಯಾಥ್ಯೂಸ್, 1783ರ ಜನವರಿಯಲ್ಲಿ ಹೊನ್ನಾವರ ಕೋಟೆ ಹಿಡಿದ. ಆಮೇಲೆ ಹೊಸಂಗಡಿ ಘಟ್ಟ ಹತ್ತಿ ಬಿದನೂರನ್ನೂ ತಗೊಂಡ. ಏಪ್ರಿಲ್ ಕೊನೆಗೆ ಟಿಪ್ಪು ಬಂದು ಬಿದನೂರು ವಾಪಸ್ ಕಿತ್ತುಕೊಂಡ, ಮ್ಯಾಥ್ಯೂಸ್ ಸೆರೆಯಾದ. ಹೊನ್ನಾವರದಲ್ಲಿದ್ದ ಕ್ಯಾಪ್ಟನ್ ಟೊರಿಯಾನೊ ಮಾತ್ರ 1783ರ ಮೇಯಿಂದ ಮರುವರ್ಷ ಒಪ್ಪಂದ ಆಗುವ ತನಕ ಕೋಟೆ ಬಿಡಲೇ ಇಲ್ಲ.

ತೊಡಕು ಇರುವುದು ರೂಲ್ಸಿನಲ್ಲಿ. ನನ್ನ ಹತ್ತಿರ ಇರುವ ಪುಸ್ತಕ ನೂರು ವರ್ಷ ಆಮೇಲಿನ ಆಫ್ರಿಕಾದ ಯುದ್ಧಗಳಿಗೆ ಬರೆದದ್ದು. ಅದರಲ್ಲಿ ಸೈನಿಕರು ಎರಡೇ ಥರ, ‘ರೆಗ್ಯುಲರ್’ ಮತ್ತು ‘ನೇಟಿವ್’. ನೇಟಿವ್ ಓಡಬೇಕು, ಕೂಗಬೇಕು, ಮೈಮೇಲೆ ಬೀಳಬೇಕು. ಸಾಲಾಗಿ ನಿಂತು ಗುಂಡು ಹೊಡೆಯುವ ಹಾಗಿಲ್ಲ. ನಮ್ಮ ಭಾವ ಮೈಸೂರು ಕಡೆ ಆಡಿದ. ಮೂರನೇ ಸುತ್ತಿಗೇ ಎದ್ದು ನಿಂತು, “ಇದೆಂತ ಮಾರಾಯ, ಟಿಪ್ಪುವಿನ ಸೈನ್ಯವೋ ಸಂತೆಯಲ್ಲಿ ಬೆದರಿದ ದನವೋ?” ಅಂದ. ಅವನು ಹೇಳಿದ್ದು ಸರಿ ಅಲ್ವಾ? ಕವಾಯತು ಕಲಿತ, ಬಂದೂಕು ಹಿಡಿದ ಕಾಲಾಳು ಅವರು. ಈ ರೂಲ್ಸ್ ಹೇಗೆ ತಿದ್ದುವುದು?

ಅಟ್ಟದ_ಮೇಲೆ · ಶಿರಸಿ · ಜುಲೈ 14

ತಮ್ಮಾ, ಆಷಾಢದಲ್ಲಿ ಕಾರವಾರದ ಟೆರೇಸಿನಲ್ಲಿ ಸ್ಪ್ರೇ ಹೊಡೆದಿದ್ದೀಯಲ್ಲ, ನಿನ್ನ ಧೈರ್ಯ ಮೆಚ್ಚಬೇಕು.

ಗಾಳಿಯಲ್ಲಿ ಇಷ್ಟು ತೇವ ಇದ್ದಾಗ ಸ್ಪ್ರೇ ಸರಿಯಾಗಿ ಕೂರುವುದಿಲ್ಲ, ತರಿ ಕಟ್ಟುತ್ತದೆ. ಬಿಳಿ ಬಣ್ಣದಲ್ಲಿ ಇದು ಇನ್ನೂ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಡಬ್ಬಿಯನ್ನು ಮುಟ್ಟಲೇಬೇಡ. ಬ್ರಶ್‌ನಲ್ಲಿ ಹಚ್ಚುವ ಪ್ರೈಮರ್ ತಗೊ, ಎರಡು ತೆಳು ಕೋಟ್ ಸಾಕು. ಈಗ ಹಾಳಾದವು ಲೋಹದ್ದಾದರೆ ಅಸಿಟೋನ್‌ನಲ್ಲಿ ಅದ್ದಿ, ಹಳೇ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕು. ಕಿಟಕಿ ತೆಗೆದಿಟ್ಟುಕೊ, ಹತ್ತಿರ ಬೆಂಕಿ ಬೇಡ. ಪ್ಲಾಸ್ಟಿಕ್ ಆದರೆ ಅಸಿಟೋನ್ ಹಾಕಬೇಡ. ಇಡೀ ಪಲ್ಟನ್ ಕರಗಿ ಪಾಯಸ ಆಗುತ್ತದೆ.

ಒಣಗಿಸುವುದಕ್ಕೆ ನನ್ನದೊಂದು ಉಪಾಯ ಇದೆ. ನಮ್ಮ ಬಚ್ಚಲ ಒಲೆಯ ಮೇಲಿನ ಅಟ್ಟ. ಮಳೆಗಾಲ ಪೂರ್ತಿ ಅಲ್ಲಿ ಬೆಚ್ಚಗೆ ಇರುತ್ತದೆ. ಹಪ್ಪಳ, ಉಪ್ಪಿನ ಕೊಟ್ಟೆ, ಬೀಜದ ಸೌತೆ ಎಲ್ಲ ಅಲ್ಲೇ. ಒಂದು ಮೊರದಲ್ಲಿ ನನ್ನ ಮದ್ರಾಸ್ ಸಿಪಾಯಿಗಳೂ ಅಲ್ಲೇ. ಹೋದ ವರ್ಷ ಮಾತ್ರ ಹೊಗೆ ತಾಗಿ ಎಲ್ಲರ ಬಿಳಿ ಚಡ್ಡಿ ಹಳದಿಯಾಗಿತ್ತು. ಮೊದಲು ಅಳು ಬಂತು. ಆಮೇಲೆ ನೋಡುತ್ತಾ ಹೋದರೆ, ಆರು ತಿಂಗಳು ನಡೆದು ಬಂದವರ ಚಡ್ಡಿ ಬೆಳ್ಳಗಿದ್ದರೇ ಸುಳ್ಳು ಅನ್ನಿಸಿತು. ಹಾಗೇ ಬಿಟ್ಟೆ.

ರೂಲ್ಸ್ ಬಗ್ಗೆ ನಾಳೆ ಬರೆಯುತ್ತೇನೆ. ಕರೆಂಟ್ ಹೋಗುವ ಹಾಗಿದೆ.

ಹಳೇ_ಪೆಟ್ಟಿಗೆ · ಅಂಕೋಲಾ · ಜುಲೈ 15

ಮಧ್ಯೆ ಬಾಯಿ ಹಾಕುತ್ತೇನೆ. ಅಪ್ಪ ಮುಂಬೈಯಲ್ಲಿ ನೌಕರಿಯಲ್ಲಿದ್ದಾಗ ತಂದ ಸೀಸದ ಸೈನಿಕರು 30 ಇದ್ದಾರೆ, ಸಾಗವಾನಿ ಪೆಟ್ಟಿಗೆಯಲ್ಲಿ. ಮೊನ್ನೆ ತೆಗೆದರೆ ಕಾಲಿನ ಹತ್ತಿರ ಬೂದಿ ಥರ ಬಿಳಿ ಪುಡಿ. ಬೂಷ್ಟು ಅಂತ ಒರೆಸಿದೆ. ಇಬ್ಬರ ಕಾಲೇ ಕೈಗೆ ಬಂತು.

ಅಟ್ಟದ_ಮೇಲೆ · ಶಿರಸಿ · ಜುಲೈ 15

ಅಯ್ಯೋ, ಒರೆಸಬೇಡಿ! ಅದು ಬೂಷ್ಟಲ್ಲ, ಸೀಸವೇ ಕೊಳೆಯುತ್ತಿದೆ. ಮುಚ್ಚಿಟ್ಟ ಮರದ ಪೆಟ್ಟಿಗೆಯಲ್ಲಿ ಮರದಿಂದ ಹುಳಿ ಆವಿ ಬರುತ್ತದೆ. ನಮ್ಮ ತೇವವೂ ಅದಕ್ಕೆ ಸೇರಿದರೆ ಸೀಸ ಬಿಳಿ ಪುಡಿಯಾಗುತ್ತದೆ. ಆ ಪುಡಿ ವಿಷ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮರದ ಪೆಟ್ಟಿಗೆಯಿಂದ ತೆಗೆದು ಗಾಜು ಅಥವಾ ಸ್ಟೀಲಿನ ಕಪಾಟಿಗೆ ಹಾಕಿ, ಗಾಳಿ ಆಡಲಿ. ಈಗ ಬರುವ ಲೋಹದ ಗೊಂಬೆಗಳು ಹೆಚ್ಚಾಗಿ ತವರದ ಮಿಶ್ರಣದವು, ಅವಕ್ಕೆ ಈ ರೋಗ ಇಲ್ಲ.

ಅಳಿವೆ_ಬಾಯಿ · ಹೊನ್ನಾವರ · ಜುಲೈ 15

ನಮ್ಮೂರಿನ ವಿಷಯ ಬಂತು, ಸುಮ್ಮನಿರಲು ಆಗುವುದಿಲ್ಲ. ನಮ್ಮದು ಬೋಟಿನ ಮನೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್, ಹಾಗಾಗಿ ಬರೆಯಲು ಪುರುಸೊತ್ತೂ ಇದೆ.

ಕಾಳಿ ಅಣ್ಣ, ನೀವು ನೆಲದ ಮೇಲಿನ ಯುದ್ಧವನ್ನಷ್ಟೇ ಯೋಚಿಸುತ್ತಿದ್ದೀರಿ. ಹೊನ್ನಾವರ ಕೋಟೆಯ ಜೀವ ಇದ್ದದ್ದು ಸಮುದ್ರದ ಕಡೆ. ಮುಂಬೈಯಿಂದ ಹಡಗು ಬಂದರೆ ಮದ್ದು, ಅಕ್ಕಿ, ಜನ. ಬರದಿದ್ದರೆ ಏನೂ ಇಲ್ಲ. ಮುತ್ತಿಗೆ ಶುರುವಾದದ್ದೇ ಮೇ ತಿಂಗಳಲ್ಲಿ. ಶರಾವತಿಯ ಅಳಿವೆಯನ್ನು ಜುಲೈಯಲ್ಲಿ ಒಮ್ಮೆ ಬಂದು ನೋಡಿ. ನೂರಾರು ಹಾರ್ಸ್‌ಪವರ್ ಇಂಜಿನ್ ಇದ್ದವರೇ ಒಳಗೆ ಬರಲು ಹೆದರುತ್ತಾರೆ. ಅವತ್ತು ಹಾಯಿ ಹಡಗು! ಅಂದರೆ ಮೊದಲ ಮೂರು ನಾಲ್ಕು ತಿಂಗಳು ಟೊರಿಯಾನೊಗೆ ಬಾಗಿಲು ಎರಡೂ ಕಡೆ ಮುಚ್ಚಿತ್ತು. ಆಗಸ್ಟ್‌ನಲ್ಲಿ ಕದನ ವಿರಾಮ ಆಯಿತು. ಗುಂಡಿನ ಸದ್ದು ನಿಂತಿತು, ಹಸಿವು ನಿಲ್ಲಲಿಲ್ಲ. ರೋಗ ಬಂತು, ಸಿಪಾಯಿಗಳು ರಾತ್ರಿ ಗೋಡೆ ಇಳಿದು ಓಡಿಹೋದರು.

ಇದನ್ನು ಬಿಟ್ಟು ಬರೀ ಗುಂಡು ಹಾರಿಸುವ ಆಟ ಆಡಿದರೆ ಅದಕ್ಕೆ ಹೊನ್ನಾವರ ಅಂತ ಯಾಕೆ ಹೆಸರಿಡಬೇಕು?

ಸುಮ್ನೆ_ಓದುಗ · ಜುಲೈ 15

ಇಷ್ಟೆಲ್ಲ ಖರ್ಚು ಮಾಡಿ ಇಂಗ್ಲಿಷರ ಗೊಂಬೆಗೆ ಬಣ್ಣ ಹಚ್ಚುವುದು ಯಾಕೆ? ಟಿಪ್ಪು ಸರಿಯೋ ತಪ್ಪೋ ಅದನ್ನು ಮೊದಲು ತೀರ್ಮಾನ ಮಾಡಿ.

ನಿರ್ವಾಹಕ · ಜುಲೈ 15

ಎರಡನೇ ವಾಕ್ಯಕ್ಕೆ ಇಲ್ಲಿ ಯಾರೂ ಉತ್ತರ ಕೊಡಬೇಡಿ. ಈ ಎಳೆಯಲ್ಲಿ 1784 ಆದಮೇಲೆ ಏನೂ ನಡೆದಿಲ್ಲ ಅಂತ ತಿಳಿದುಕೊಳ್ಳಿ.

ಕಾಳಿ_ದಡ · ಕೋಡಿಬಾಗ, ಕಾರವಾರ · ಜುಲೈ 15

ಮೊದಲ ವಾಕ್ಯಕ್ಕೆ ನಾನು ಉತ್ತರ ಕೊಡುತ್ತೇನೆ. ‘ಇಂಗ್ಲಿಷರ ಗೊಂಬೆ’ ಅಂದಿರಿ. ನನ್ನ ಕಂಪನಿ ಸೈನ್ಯದ 60 ಜನರಲ್ಲಿ ಬಿಳಿಯರು 16. ಉಳಿದ 44 ಜನ ಸಿಪಾಯಿಗಳು. ಕೆಂಪು ಕೋಟು ಕಂಪನಿಯದು, ಒಳಗಿನ ಮನುಷ್ಯ ಈ ದೇಶದವನೇ. ಬ್ರಶ್ ಹಿಡಿದು ಒಬ್ಬೊಬ್ಬನ ಮುಖಕ್ಕೆ ಬಣ್ಣ ಹಚ್ಚುವಾಗ ಅದು ತಲೆಗೆ ಹೋಗುತ್ತದೆ. ಪುಸ್ತಕದಲ್ಲಿ ಓದುವಾಗ ನನಗೆ ಅದು ಹೊಳೆದಿರಲೇ ಇಲ್ಲ.

ಇನ್ನೊಂದು ಸಿಟ್ಟು ಇದೆ. ಬಣ್ಣದ ಸೆಟ್‌ನಲ್ಲಿ ‘ಫ್ಲೆಶ್’ ಅಂತ ಬರುವ ಬಾಟಲಿ ಯಾವಾಗಲೂ ಗುಲಾಬಿ. ನಮ್ಮವರಿಗೆ ‘ಬ್ರೌನ್’, ಅದೂ ಕುದುರೆಗೆ ಹಚ್ಚುವುದೇ. ನಾನೀಗ ಕಡುಕಂದು ಬಣ್ಣದಿಂದ ಶುರು ಮಾಡುತ್ತೇನೆ. ಅದಕ್ಕೆ ಸ್ವಲ್ಪ ಕಾವಿ ಬೆರೆಸಿ ಕೆನ್ನೆ, ಮೂಗಿನ ತುದಿ, ಬೆರಳ ಗೆಣ್ಣು. ಕೊನೆಗೆ ಚೂರು ಹಳದಿ ಸೇರಿಸಿ ಹಣೆಗೆ ಒಂದು ಚುಕ್ಕೆ. ಹತ್ತು ಜನಕ್ಕೆ ಮೂರು ಬೇರೆ ಬೇರೆ ಮಿಶ್ರಣ. ಊರಲ್ಲಿ ಎಲ್ಲರ ಮೈಬಣ್ಣ ಒಂದೇ ಇರುತ್ತದಾ?

ಅಟ್ಟದ_ಮೇಲೆ · ಶಿರಸಿ · ಜುಲೈ 16

ಕರೆಂಟ್ ಬಂತು. ಮೊದಲು ಮೈಸೂರಿನ ಅಂಗಿಯ ಬಗ್ಗೆ. ಕಾಳಿ ತಮ್ಮ ಹಾಕಿದ ಫೋಟೋದಲ್ಲಿ ಟಿಪ್ಪುವಿನವರೆಲ್ಲ ಹಳದಿ–ಕಪ್ಪು ಪಟ್ಟೆ ಹಾಕಿ ಹುಲಿವೇಷಕ್ಕೆ ಹೊರಟವರ ಹಾಗೆ ಕಾಣುತ್ತಾರೆ. ಟಿಪ್ಪುವಿನ ಕಾಲಾಳಿನ ‘ಹುಲಿ ಅಂಗಿ’ ನೋಡಿದ ಇಂಗ್ಲಿಷರು ಬರೆದದ್ದು ನೇರಳೆ ಬಟ್ಟೆ, ಅದರ ಮೇಲೆ ಬಿಳಿ ಗುರುತು ಅಂತ. ತಲೆಗೆ ಕೆಂಪು ಮುಂಡಾಸು, ಸೊಂಟಕ್ಕೆ ಕೆಂಪು ಪಟ್ಟಿ, ಬರಿಗಾಲಿಗೆ ಚಪ್ಪಲಿ.

ಆ ನೇರಳೆ ಯಾವುದು ಅಂತ ನಾನು ತುಂಬಾ ದಿನ ಒದ್ದಾಡಿದೆ. ಬಾಟಲಿಯಲ್ಲಿ ಬರುವ ಪರ್ಪಲ್ ಹಚ್ಚಿದರೆ ಮದುವೆ ಬ್ಯಾಂಡಿನವರಾಗುತ್ತಾರೆ. ಕೊನೆಗೆ ಅಂಗಳದಲ್ಲಿ ಒಣಗಲು ಹಾಕಿದ ಮುರುಗಲ (ಕೋಕಂ) ಸಿಪ್ಪೆ ಕಣ್ಣಿಗೆ ಬಿತ್ತು. ಹಸಿಯದಲ್ಲ, ನಾಲ್ಕು ಬಿಸಿಲು ಕಂಡ ಸಿಪ್ಪೆ. ಪರ್ಪಲ್ ಎರಡು ಹನಿ, ಕಡುಗೆಂಪು ಒಂದು ಹನಿ, ಕಪ್ಪು ಕಡ್ಡಿಯ ತುದಿಯಷ್ಟು. ನೀರು ಹಾಕಿ ಮಜ್ಜಿಗೆ ನೀರಿನ ಹದಕ್ಕೆ ತಂದು ಎರಡು ಸಲ ಹಚ್ಚಿ. ಬಿಳಿ ಗುರುತನ್ನು ಇಡೀ ಅಂಗಿಗೆ ಇಡಲು ಹೋದರೆ ಕಣ್ಣು ಹೋಗುತ್ತದೆ. ಎದೆಗೆ ಮೂರು ಸಾಲು, ತೋಳಿಗೆ ಎರಡು, ಬೆನ್ನಿಗೆ ಮೂರು. ಚುಕ್ಕೆ ಇಟ್ಟು ಬ್ರಶ್ಶನ್ನು ಕೆಳಕ್ಕೆ ಸಣ್ಣಗೆ ಎಳೆಯಿರಿ, ಅಕ್ಕಿಕಾಳಿನ ಆಕಾರ ಬರುತ್ತದೆ. ಎರಡು ಅಡಿ ದೂರದಿಂದ ನೋಡಿದರೆ ಪೂರ್ತಿ ಅಂಗಿಗೆ ಇಟ್ಟ ಹಾಗೇ ಕಾಣುತ್ತದೆ. ಸೊನ್ನೆ ನಂಬರ್ ಬ್ರಶ್ ಸಾಕು. ತುದಿ ಚೂಪಿದ್ದರಾಯಿತು, ಅದಕ್ಕಿಂತ ಸಣ್ಣದರಲ್ಲಿ ಬಣ್ಣ ಗೊಂಬೆ ಮುಟ್ಟುವ ಮೊದಲೇ ಒಣಗುತ್ತದೆ.

ವಾಶ್‌ಗೆ (ಸಂದಿಗೆ ಇಳಿಯುವ ತೆಳು ಬಣ್ಣಕ್ಕೆ) ಚೊಗರು ಬಳಸಬಹುದಾ ಅಂತ ಹಿಂದೆ ಒಬ್ಬರು ಕೇಳಿದ್ದರು. ಅಡಕೆ ಬೇಯಿಸಿದ ಚೊಗರು ನಮ್ಮ ಮನೆಯಲ್ಲಿ ಕೊಡಪಾನಗಟ್ಟಲೆ ಇರುತ್ತದೆ, ನಾನೂ ಪ್ರಯೋಗ ಮಾಡಿದೆ. ಬಣ್ಣವೇನೋ ಚಂದ, ಸಂದುಸಂದಿನಲ್ಲಿ ಕೆಂಪುಗಂದು ಇಳಿಯುತ್ತದೆ. ಆದರೆ ಒಂದು ವಾರಕ್ಕೆ ಬೂಷ್ಟು. ಅಂಟು ಬೇರೆ. ಬೇಡ.

ಈಗ ರೂಲ್ಸ್. ಮೊದಲು ಅಳತೆ. 28 ಮಿಲಿಮೀಟರ್ ಆಳು ಅಂದರೆ ಹೆಚ್ಚುಕಡಿಮೆ 1:56. ಆ ಕಾಲದ ಬಂದೂಕಿನ ಗುಂಡು ಗುರಿಗೆ ತಾಗುವುದು ಸುಮಾರು 100 ಗಜದೊಳಗೆ. ಅದೇ ಅಳತೆಯಲ್ಲಿ ಹೋದರೆ ಮೇಜಿನ ಮೇಲೆ 163 ಸೆಂಟಿಮೀಟರ್ ಬೇಕು. ಊಟದ ಮೇಜೇ ಆರು ಅಡಿ! ಹಾಗಾಗಿ ಆಳಿನ ಅಳತೆ ಬೇರೆ, ನೆಲದ ಅಳತೆ ಬೇರೆ. ಒಂದು ಇಂಚಿಗೆ ಹತ್ತು ಗಜ ಇಟ್ಟುಕೊ. ಬಂದೂಕಿಗೆ ಹತ್ತು ಇಂಚು. ಅಮ್ಮನ ದರ್ಜಿ ಟೇಪು ಸಾಕು.

ನೇಟಿವ್, ರೆಗ್ಯುಲರ್ ಎರಡನ್ನೂ ಹರಿದು ಬಿಸಾಡು. ಎರಡೂ ಕಡೆಗೆ ಒಂದೇ ಪಟ್ಟಿ: ಕವಾಯತು ಆದವರು, ಅರ್ಧ ಆದವರು, ಆಗದವರು. ಟಿಪ್ಪುವಿನ ಕಾಲಾಳು ಮೊದಲನೆಯದರಲ್ಲಿ ಬರಲಿ. ಮ್ಯಾಥ್ಯೂಸ್ ಅಲ್ಲಲ್ಲಿ ಬಿಟ್ಟುಹೋದ ಕಾವಲಿನವರು ಎರಡನೆಯದರಲ್ಲಿ.

ಇನ್ನು ಕಾಲ. ಹತ್ತು ತಿಂಗಳ ಮುತ್ತಿಗೆಯನ್ನು ನಿಮಿಷದ ಲೆಕ್ಕದಲ್ಲಿ ಆಡಲು ಆಗುವುದಿಲ್ಲ. ಆ ಪುಸ್ತಕದಲ್ಲಿ ಹವಾಮಾನ ಅಂದರೆ ದಾಳ ಹಾಕಿ ‘ಬಿಸಿಲು, ಮೋಡ, ಮಳೆ’. ನಮಗೆ ಅದೆಲ್ಲ ಯಾಕೆ? ನಮ್ಮ ಹತ್ತಿರ ಮಳೆ ನಕ್ಷತ್ರ ಇದೆಯಲ್ಲ. ಒಂದೊಂದು ಹದಿಮೂರು ಹದಿನಾಲ್ಕು ದಿನ. ಒಂದು ನಕ್ಷತ್ರಕ್ಕೆ ಒಂದು ಸುತ್ತು. ಕೃತ್ತಿಕೆಯಲ್ಲಿ ಮುತ್ತಿಗೆ ಶುರು, ಆಮೇಲೆ ರೋಹಿಣಿ, ಮೃಗಶಿರ. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಅಂತಾರೆ, ಅಲ್ಲಿ ಬಂದೂಕು ಹಾರಲು ದಾಳದಲ್ಲಿ 6 ಬೀಳಲೇಬೇಕು. ಪುನರ್ವಸು, ಪುಷ್ಯ, ಆಶ್ಲೇಷಕ್ಕೆ 5. ಬಂದೂಕಿನ ಕಿವಿಯ (ಕಿಡಿ ತಾಗುವ ಜಾಗದ) ಮದ್ದು ಒದ್ದೆಯಾದರೆ ಚಕಮಕಿ ಎಷ್ಟು ಕಿಡಿ ಕಾರಿದರೂ ಅಷ್ಟೇ. ಕಂದಕ ತೋಡುವ ಮೈಸೂರಿನವರಿಗೂ ಬಿಡಬೇಡ, ತೋಡಿದ್ದರಲ್ಲಿ ಅರ್ಧ ನೀರು ತುಂಬುತ್ತದೆ. ಉತ್ತರೆ ಬರುವ ತನಕ ಸಮುದ್ರ ಬಂದ್. 1784ರ ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ. ಅಷ್ಟರೊಳಗೆ ಇಪ್ಪತ್ತು ಚಿಲ್ಲರೆ ಸುತ್ತು. ಕೋಟೆ ಹೊರಗೆ ನುಗ್ಗಿ ಹೊಡೆದಾಡುವ ದಿನ ಮಾತ್ರ ಗೊಂಬೆ ಮೇಜಿಗೆ ಬರಲಿ.

ಅಳಿವೆ_ಬಾಯಿ · ಹೊನ್ನಾವರ · ಜುಲೈ 16

ಅಕ್ಕ, ನಕ್ಷತ್ರದ ಲೆಕ್ಕ ಕೇಳಿ ನಮ್ಮ ಅಜ್ಜ ಎದ್ದು ಕೂತರು. ಮಘೆಯಲ್ಲಿ ಸಮುದ್ರ ಸ್ವಲ್ಪ ಸಮಾಧಾನ ಆಗುತ್ತದೆ, ಒಂದು ಸಣ್ಣ ದೋಣಿಗೆ ದಾಳ ಹಾಕಲು ಬಿಡಿ ಅಂತಾರೆ. 6 ಬಿದ್ದರೆ ಒಳಗೆ, ಇಲ್ಲದಿದ್ದರೆ ಅಳಿವೆ ಪಾಲು.

ಅಟ್ಟದ_ಮೇಲೆ · ಶಿರಸಿ · ಜುಲೈ 16

ಅಜ್ಜ ಹೇಳಿದ ಮೇಲೆ ಆಯಿತು.

ಬೆಂಡು_ಬಾಸಿಂಗ · ಕುಮಟಾ · ಜುಲೈ 18

ಕೋಟೆ ನನಗೆ ಬಿಡಿ. ನಮ್ಮದು ಗುಡಿಗಾರರ ಮನೆ. ಅಜ್ಜ ಗಂಧದ ಕೆತ್ತನೆ ಮಾಡುತ್ತಿದ್ದರು, ಅಮ್ಮ ಈಗಲೂ ಮದುವೆ ಸೀಸನ್ನಿನಲ್ಲಿ ಬೆಂಡಿನ ಬಾಸಿಂಗ ಮಾಡುತ್ತಾರೆ. ಎಲ್ಲರೂ ಥರ್ಮೋಕೋಲ್‌ನಲ್ಲಿ ಗೋಡೆ ಕತ್ತರಿಸುತ್ತಾರೆ. ಅದು ಕಾಳು ಕಾಳಾಗಿ ಉದುರುತ್ತದೆ, ಸ್ಪ್ರೇ ತಾಗಿದರೆ ಕರಗುತ್ತದೆ. ಬೆಂಡು ಹಾಗಲ್ಲ. ಕೆರೆಯಲ್ಲಿ ಬೆಳೆಯುವ ಗಿಡದ ಕಾಂಡ, ಬೆಣ್ಣೆ ಥರ ಕೊಯ್ಯುತ್ತದೆ, ಹತ್ತಿಗಿಂತ ಹಗುರ. ಒಂದೊಂದು ಚಿರೇಕಲ್ಲನ್ನೂ ಬೇರೆ ಬೇರೆ ಕೊಯ್ದು ಫೆವಿಕಾಲ್‌ನಲ್ಲಿ ಜೋಡಿಸಿದೆ. ಒಂದು ಬುರುಜಿಗೆ 340 ಕಲ್ಲು. ಅಮ್ಮ ನೋಡಿ, “ಇಷ್ಟು ಬೆಂಡಿನಲ್ಲಿ ಎರಡು ಬಾಸಿಂಗ ಆಗುತ್ತಿತ್ತು” ಅಂದರು.

ಕಲ್ಲಿಗೆ ಬಣ್ಣ ಹಚ್ಚಲೇ ಇಲ್ಲ. ಮನೆ ಹಿಂದೆ ಚಿರೇಕಲ್ಲಿನ ರಾಶಿ ಇದೆ. ಅದನ್ನು ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ನೀರು ಬೆರೆಸಿದ ಫೆವಿಕಾಲ್ ಮೇಲೆ ಉದುರಿಸಿದೆ. ಕೋಟೆಗೆ ನಯ ಪುಡಿ, ಸೈನಿಕರ ಬೇಸ್‌ಗೆ ತರಿ ಪುಡಿ. ಅಂಗಡಿಯ ‘ಡೆಸರ್ಟ್ ಸ್ಯಾಂಡ್’ ಹಾಕಿದ ಗೊಂಬೆ ನಮ್ಮ ಕರಾವಳಿಯಲ್ಲಿ ಸುಡಾನಿನಿಂದ ದಾರಿ ತಪ್ಪಿ ಬಂದವರ ಹಾಗೆ ಕಾಣುತ್ತಿತ್ತು. ಗೋಡೆ ಹೇಗಿರಬೇಕು ಅಂತ ಮಿರ್ಜಾನ್ ಕೋಟೆಗೆ ಹೋಗಿ ನೋಡಿ ಬಂದೆ. ಪಾಚಿ ಬುಡದಲ್ಲಿ ಕಪ್ಪು, ಮೇಲೆ ಹೋದ ಹಾಗೆ ಹಸಿರು. ನಾನು ಪಾಚಿಯ ಬಣ್ಣ ಉಲ್ಟಾ ಹಚ್ಚಿದ್ದೆ.

ಹಳೇ_ಪೆಟ್ಟಿಗೆ · ಅಂಕೋಲಾ · ಜುಲೈ 19

ರಾಕೆಟ್ ಹೊಗೆಗೆ ಏನು ಬಳಸುತ್ತೀರಿ? ಔಷಧಿ ಅಂಗಡಿ ಹತ್ತಿ ತುಂಬಾ ಬೆಳ್ಳಗೆ, ಗಾಯಕ್ಕೆ ಕಟ್ಟಿದ ಹಾಗಿದೆ.

ಬೆಂಡು_ಬಾಸಿಂಗ · ಕುಮಟಾ · ಜುಲೈ 19

ಬೂರುಗದ ಹತ್ತಿ. ಸ್ವಲ್ಪ ಮಾಸಲು, ತಾನೇ ಎದ್ದು ನಿಲ್ಲುತ್ತದೆ. ರಾಕೆಟ್‌ಗೆ ಬಾಲ್‌ಪೆನ್ ರೀಫಿಲ್‌ನ ಲೋಹದ ತುದಿ, ಕೋಲಿಗೆ ಹಿಡಿಕಡ್ಡಿ. ನಿಜವಾದದ್ದೂ ಅಷ್ಟೇ ಅಲ್ವಾ, ಕಬ್ಬಿಣದ ಕೊಳವೆಗೆ ಬಿದಿರು ಕಟ್ಟಿದ್ದು. ನಗರದ ಹಳೇ ಬಾವಿಯಲ್ಲಿ 2018ರಲ್ಲಿ ಸಾವಿರಕ್ಕೂ ಜಾಸ್ತಿ ಸಿಕ್ಕವಲ್ಲ, ಅದರ ಫೋಟೋ ನೋಡಿ ಮಾಡಿದೆ. ನಗರ ಅಂದರೆ ಇದೇ ಬಿದನೂರು.

ಸುಮ್ನೆ_ಓದುಗ · ಜುಲೈ 20

ನಮ್ಮದು ಬಿಣಗಾ. ಎದುರಿಗೇ ಅಂಜದೀವ ಇದೆ, ಅದರದ್ದೇನಾದರೂ ಆಟ ಇದೆಯಾ?

ಕಾಳಿ_ದಡ · ಕೋಡಿಬಾಗ, ಕಾರವಾರ · ಜುಲೈ 20

ಬಂದಿರಲ್ಲ ದಾರಿಗೆ! ಅಂಜದೀವದ ಕತೆ ಭಾರಿ ಇದೆ, ಆಟ ಮಾಡುವುದು ಕಷ್ಟ. ಪೋರ್ಚುಗೀಸರು ಮುಂಬೈಯನ್ನು ಇಂಗ್ಲೆಂಡಿನ ರಾಜನಿಗೆ ವರದಕ್ಷಿಣೆಯಾಗಿ ಕೊಟ್ಟರು. ಅದನ್ನು ವಶಕ್ಕೆ ತಗೊಳ್ಳಲು 1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರ ಜೊತೆ ಬಂದ. ಪೋರ್ಚುಗೀಸ್ ಅಧಿಕಾರಿಗಳು ಕಾಗದಪತ್ರ ಸರಿಯಿಲ್ಲ ಅಂತ ಊರು ಬಿಟ್ಟುಕೊಡಲಿಲ್ಲ. ಇವರೆಲ್ಲ ಅಂಜದೀವದಲ್ಲಿ ಇಳಿದು ಕಾದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಶಿಪ್‌ಮನ್ನೂ ಸತ್ತ, ಹೆಚ್ಚಿನ ಸೈನಿಕರೂ ಸತ್ತರು. 1665ರ ಫೆಬ್ರವರಿಯಲ್ಲಿ ಮುಂಬೈ ಕೈಗೆ ಬರುವಾಗ ಉಳಿದವರು ನೂರರ ಆಸುಪಾಸು. ಒಂದು ಗುಂಡೂ ಹಾರಲಿಲ್ಲ. ಬೇಕಾದರೆ 400 ಗೊಂಬೆಗೆ ಬಣ್ಣ ಹಚ್ಚಿ, ನಕ್ಷತ್ರಕ್ಕೆ ಹತ್ತರಂತೆ ಡಬ್ಬಿಗೆ ಹಾಕುತ್ತಾ ಹೋಗಿ.

ಕಾಳಿ_ದಡ · ಕೋಡಿಬಾಗ, ಕಾರವಾರ · ಆಗಸ್ಟ್ 18

ವರದಿ. ನಿನ್ನೆ ಕುಮಟಾದಲ್ಲಿ ಬೆಂಡು ಅಣ್ಣನ ಮನೆ ಜಗಲಿಯಲ್ಲಿ ಆಡಿದೆವು. ಬೆಳಿಗ್ಗೆ 9ಕ್ಕೆ ಶುರು, ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಶಿರಸಿ ಅಕ್ಕ ಟೊರಿಯಾನೊ. ಮೈಸೂರು ನಮ್ಮ ಭಾವ. ನಾನು ಪಂಚ.

ಅಕ್ಕಿ ಲೆಕ್ಕಕ್ಕೆ ಅಕ್ಕಿಯನ್ನೇ ಇಟ್ಟೆವು. ಬೆಂಡು ಅಣ್ಣ ಗಜನಿಯ (ಉಪ್ಪುನೀರಿನ ಗದ್ದೆಯ) ಕಗ್ಗ ಅಕ್ಕಿ ತಂದು ತಟ್ಟೆಯಲ್ಲಿ 200 ಕಾಳು ಎಣಿಸಿಟ್ಟರು. ಸುತ್ತಿಗೆ ಹತ್ತು ಕಾಳು ಪೂರ್ತಿ ಊಟ, ಆರು ಕಾಳು ಅರೆ ಊಟ. ಅರೆ ಊಟ ಆದರೆ ಎರಡು ದಾಳ, ಬಿದ್ದಷ್ಟು ಸಿಪಾಯಿಗಳು ರೋಗಕ್ಕೋ ಗೋಡೆ ಹಾರುವುದಕ್ಕೋ ಹೋಗುತ್ತಾರೆ.

ಆರಿದ್ರಾದಲ್ಲಿ ಭಾವ ಗೋಡೆಗೆ ನುಗ್ಗಿದ. ಎರಡೂ ಕಡೆಯಿಂದ 31 ಸಲ ಬಂದೂಕಿನ ದಾಳ ಹಾಕಿದೆವು. ಹಾರಿದ್ದು ನಾಲ್ಕೇ. ಉಳಿದದ್ದೆಲ್ಲ ಬಾಯೊನೆಟ್ಟು, ಕತ್ತಿ, ಕೆಸರು. ಹೊರಗೆ ನಿಜವಾದ ಮಳೆಯೂ ಹೊಡೆಯುತ್ತಿತ್ತು, ಹಂಚಿನಿಂದ ಒಂದು ಹನಿ ಸರಿಯಾಗಿ ವಾಯವ್ಯ ಬುರುಜಿನ ಮೇಲೆ. ಭಾವ ಹಿಮ್ಮೆಟ್ಟಿದ, ಆದರೆ ಒಂದು ಸಲವೂ ‘ದನ’ ಅನ್ನಲಿಲ್ಲ. ರಾಕೆಟ್‌ಗೆ ದಿಕ್ಕಿನ ದಾಳ ಇತ್ತು. ಮೂರನೇ ರಾಕೆಟ್ ಮೇಲೆ ಹೋಗಿ, ತಿರುಗಿ, ಅವನದೇ ಕಂದಕಕ್ಕೆ ಬಂತು. ಅಜ್ಜನ ದೋಣಿಗೆ 2 ಬಿತ್ತು, ಅಳಿವೆ ಪಾಲು.

ಪುಷ್ಯದ ಹೊತ್ತಿಗೆ ಎಲ್ಲರೂ ಚಹಾ ಕುಡಿಯಲು ಒಳಗೆ ಹೋದೆವು. ವಾಪಸ್ ಬಂದರೆ ಮನೆಯ ಕೋಳಿ ಜಗಲಿ ಹತ್ತಿ ತಟ್ಟೆಯಲ್ಲಿದ್ದ ಅಕ್ಕಿ ಹೆಕ್ಕುತ್ತಿತ್ತು. ಎಣಿಸಿದರೆ 38 ಕಾಳು ಕಮ್ಮಿ. ಅಕ್ಕ ಮರುಎಣಿಕೆ ಕೇಳಿದರು. ಭಾವ ಒಪ್ಪಲಿಲ್ಲ, “ಉಗ್ರಾಣದಲ್ಲಿ ಇಲಿ ಇರುವುದಿಲ್ಲವಾ?” ಅಂದ. ಪಂಚನಾಗಿ ನಾನು ಕೋಳಿಯ ಪರ ತೀರ್ಪು ಕೊಟ್ಟೆ. ಅಕ್ಕ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ.

ವಿಶಾಖದಲ್ಲಿ ಅಕ್ಕಿ ಖಾಲಿ. ಕೋಟೆಯೊಳಗೆ ಉಳಿದವರು ಒಂಬತ್ತು ಜನ. ಟೊರಿಯಾನೊ ಮಾರ್ಚ್ ತನಕ ಹೇಗೆ ಕೂತನೋ!

ಅಟ್ಟದ_ಮೇಲೆ · ಶಿರಸಿ · ಆಗಸ್ಟ್ 18

ಅವನಿಗೆ ಕೋಳಿ ಇರಲಿಲ್ಲ. ಇದ್ದಿದ್ದರೆ ತಿನ್ನುತ್ತಿದ್ದ.

ಮುಂದಿನ ಸಲಕ್ಕೆ ಒಂದು ತಿದ್ದುಪಡಿ: ಆಶ್ಲೇಷ ಆದಮೇಲೆ ಕದನ ವಿರಾಮದ ಕಾರ್ಡ್ ಬರಬೇಕು, ಇಬ್ಬರೂ ಗುಂಡು ಹಾರಿಸುವ ಹಾಗಿಲ್ಲ, ಅಕ್ಕಿ ಮಾತ್ರ ಇಳಿಯುತ್ತಾ ಇರಬೇಕು. ಭಾವನಿಗೆ ಆಗ ಮಾಡಲು ಏನು ಕೆಲಸ ಕೊಡುವುದು, ಯೋಚಿಸಿ. ಮತ್ತೆ ಆರು ಕಾಳಿಗೆ ಎರಡು ದಾಳ ಜಾಸ್ತಿಯಾಯಿತು, ಒಂದು ಸಾಕು.

ಬೆಂಡು_ಬಾಸಿಂಗ · ಕುಮಟಾ · ಆಗಸ್ಟ್ 19

ವಾಯವ್ಯ ಬುರುಜು ನೀರು ಕುಡಿದು ಉಬ್ಬಿದೆ, ಒಣಗಿದ ಮೇಲೆ ನೋಡಬೇಕು. ಜಗಲಿ ಗುಡಿಸುವಾಗ ಒಬ್ಬ ರಾಕೆಟ್‌ನವನೂ ಒಂದು ಹಳದಿ ದರ್ಜಿ ಟೇಪೂ ಸಿಕ್ಕಿದವು. ಯಾರದು?

ಕಾಳಿ_ದಡ · ಕೋಡಿಬಾಗ, ಕಾರವಾರ · ಆಗಸ್ಟ್ 19

ರಾಕೆಟ್‌ನವನು ಅಲ್ಲೇ ಇರಲಿ. ಟೇಪು ಇವತ್ತೇ ಯಾರಾದರೂ ಕಾರವಾರಕ್ಕೆ ಬರುವವರಿದ್ದರೆ ಕಳಿಸಿ ಮಾರಾಯ. ಅಮ್ಮ ಬೆಳಿಗ್ಗೆಯಿಂದ ಹುಡುಕುತ್ತಿದ್ದಾರೆ.